ಏಳನೇ ನಂಬರಿನ ಕಾಫಿ

೧೧ ಫೆಬ್ರವರಿ ೨೦೦೨, ಸೋಮವಾರ

ಬೆಂಗಳೂರಿಗೆ ಕಳಿಸಿದ್ದ ಹುರಿದ ಕಾಫಿಬೀಜದ ಹದಿನಾಲ್ಕು ಮೂಟೆ ಇವತ್ತು ವಾಪಸು ಬಂತು. ಪ್ಯಾಕಿಂಗ್ ಹೆಂಗಸರೆಲ್ಲ ಊಟಕ್ಕೆ ಕುಳಿತಿದ್ದ ಹೊತ್ತಿನಲ್ಲೇ ಲಾರಿಯವನು ಅದನ್ನು ನಮ್ಮ ಕಾಫಿ ವರ್ಕ್ಸಿನ ಅಂಗಳದ ನಡುವೆ ಇಳಿಸಿ ಹೋದ. ಜೊತೆಗೊಂದು ಕಾಗದ. ಎರಡೇ ಸಾಲು. ‘ಇದು ಕುಡಿಯುವಂತಿಲ್ಲ. ನಿಮ್ಮಲ್ಲಿ ರುಚಿ ನೋಡುವವರು ಯಾರಾದರೂ ಇದ್ದಾರೆಯೇ?’

ಇದ್ದಾರೆ. ನಾನಿದ್ದೇನೆ. ಹನ್ನೊಂದು ವರ್ಷದಿಂದ ಈ ಚಿಕ್ಕಮಗಳೂರಿನಲ್ಲಿ ದಿನಕ್ಕೆ ಮೂವತ್ತು ನಲವತ್ತು ಲೋಟ ಕಾಫಿಯನ್ನು ಚಮಚದಲ್ಲಿ ಹೀರಿ, ಬಾಯಲ್ಲಿ ಆಡಿಸಿ, ಉಗುಳಿ, ಒಂದೊಂದಕ್ಕೂ ಅಂಕ ಬರೆದು ಸಹಿ ಹಾಕುತ್ತಿದ್ದೇನೆ. ಈ ಕೆಲಸಕ್ಕಾಗಿ ಹಸಿಮೆಣಸು ಬಿಟ್ಟೆ, ಎಲೆಅಡಿಕೆ ಬಿಟ್ಟೆ, ಕೆಲಸದ ದಿನ ತಲೆಗೆ ಹೂ ಮುಡಿಯುವುದನ್ನೂ ಬಿಟ್ಟೆ. ಆ ಕಾಗದ ಬರೆದ ಷಡಕ್ಷರಿ ಎಂಬ ಮನುಷ್ಯ ಏನೇನು ಬಿಟ್ಟಿದ್ದಾನೋ ಕೇಳಬೇಕು.

ಯಜಮಾನರು ಸೋಮಶೇಖರಪ್ಪನವರು ಕಾಗದ ಓದಿ, ಮಡಚಿ, ಜೇಬಿಗಿಟ್ಟುಕೊಂಡರು. “ನೋಡಿ ತಂಗಮ್ಮ, ಕಾಫಿಗೆ ರೇಟೇ ಇಲ್ಲದ ಈ ವರ್ಷ ನಮ್ಮನ್ನ ಉಳಿಸಿರೋದು ಈ ಒಂದು ಆರ್ಡರು. ತಪ್ಪು ಎಲ್ಲಿ ಆಯ್ತು ಅಂತ ನಾಳೆ ಸಂಜೆ ಒಳಗೆ ಹೇಳಿ” ಎಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

೧೨ ಫೆಬ್ರವರಿ, ಮಂಗಳವಾರ

ಸಿಕ್ಕಿತು.

ಈ ಆರ್ಡರಿನದು ಬೆರಕೆ ಮಾಲಲ್ಲ. ಅತ್ತಿಗುಂಡಿಯ ಒಂಬತ್ತು ಜನ ಸಣ್ಣ ಬೆಳೆಗಾರರ ಗುಂಪಿನ ಅರೇಬಿಕಾ. ಬೆಂಗಳೂರಿನ ಕಾಫಿ ಅಂಗಡಿಗಳಲ್ಲಿ ಅದು ಗುಡ್ಡದ ಹೆಸರಿನಲ್ಲೇ ಮಾರಾಟವಾಗುತ್ತದೆ. ಒಬ್ಬೊಬ್ಬರ ಕಾಫಿಗೂ ಒಂದು ನಂಬರು. ಕೊನೆಯವರೆಗೂ ಬೇರೆಬೇರೆಯಾಗಿ ಇಟ್ಟು, ಬೇರೆಬೇರೆಯಾಗಿಯೇ ಹುರಿಯುತ್ತೇವೆ. ಹಾಗಾಗಿ ಎಡವಟ್ಟು ಮಾಡಿದವರು ತಪ್ಪಿಸಿಕೊಳ್ಳುವ ಹಾಗಿಲ್ಲ. ಬೆಳಿಗ್ಗೆಯಿಂದ ಹದಿನಾಲ್ಕೂ ಮೂಟೆಯ ರುಚಿ ನೋಡಿದೆ. ಹನ್ನೊಂದು ಚೊಕ್ಕವಾಗಿವೆ. ಏಳನೇ ನಂಬರಿನ ಮೂರು ಮೂಟೆಯಲ್ಲಿ ಮಾತ್ರ ನಾಲಿಗೆಯ ಹಿಂದಕ್ಕೆ ಹತ್ತಿಕೊಂಡು ಬಿಡದ ಒಂದು ಕಮಟು. ‘ಮಣ್ಣು’ ಎಂದು ಬರೆದೆ. ನೆಲದ ಮೇಲೆ ಒಣಗಿಸಿದ ಕಾಫಿ ಹೀಗೇ ಆಗುವುದು.

ಏಳನೇ ನಂಬರು ದ್ಯಾವಮ್ಮ ಎಂಬುವಳದು. ಗುಂಪಿನ ಶೆಡ್ಡಿನಿಂದ ಒಂದೂವರೆ ಮೈಲಿ ಮೇಲೆ, ಗುಡ್ಡದ ತಲೆಯಲ್ಲಿ ಮೂರು ಎಕರೆ. ಅಕ್ಟೋಬರಿನಲ್ಲಿ ಆ ಶೆಡ್ಡಿನಲ್ಲೇ ಎಲ್ಲರನ್ನೂ ಕೂರಿಸಿ, ನೆಲಕ್ಕೆ ಹಾಕಬೇಡಿ ಎಂದು ಗಂಟಲು ಹರಿಯುವಂತೆ ಹೇಳಿ ಬಂದಿದ್ದೆ. ಇವಳು ಮುಂದೆಯೇ ಕೂತು ತಲೆ ಆಡಿಸಿದ್ದಳು. ತಲೆ ಆಡಿಸುವುದಕ್ಕೇನು ಖರ್ಚು.

ನಮ್ಮಲ್ಲಿ ಹುರಿಯುವವರು ಸಮೀಉಲ್ಲಾ ಸಾಬರು. ಅವರು ಬಂದು ಒಂದು ಹಿಡಿ ಬೀಜ ಮೂಸಿದರು.

“ಅಮ್ಮಾ, ಇದು ಮಣ್ಣಲ್ಲ. ಡ್ರಮ್ಮಿಗೆ ಬಿಸಿ ಹತ್ತಿ ಮೊದಲು ಹಬೆ ಏಳುತ್ತಲ್ಲ, ಅವತ್ತೇ ನನ್ನ ಮೂಗಿಗೆ ಬಂದಿತ್ತು. ಎಂತದೋ ಔಷಧಿ ವಾಸನೆ.”

“ಬಂದಿದ್ರೆ ಅವತ್ತೇ ಯಾಕೆ ಹೇಳ್ಲಿಲ್ಲ?”

“ಹುರೀಬಹುದು ಅಂತ ನಿಮ್ಮ ಸಹಿ ಇತ್ತಲ್ಲ” ಎಂದರು.

ಇಪ್ಪತ್ತೆಂಟು ವರ್ಷ ಹೊಗೆ ಕುಡಿದ ಮೂಗು ಅದು. ಆ ಮೂಗನ್ನು ನಂಬಿ ನಾನು ವರದಿ ಬರೆಯಬೇಕೇ?

೧೫ ಫೆಬ್ರವರಿ, ಶುಕ್ರವಾರ

ವರದಿಗೆ ಸಹಿ ಹಾಕಿದೆ. ‘ಏಳನೇ ನಂಬರಿನ ಬೆಳೆಗಾರರು ಕಾಫಿಯನ್ನು ನೆಲದ ಮೇಲೆ ಒಣಗಿಸಿದ್ದರಿಂದ ಮಾಲು ಕೆಟ್ಟಿದೆ. ಇನ್ನು ಮುಂದೆ ಅವರ ಕಾಫಿಯನ್ನು ತೆಗೆದುಕೊಳ್ಳಲಾಗುವುದಿಲ್ಲ.’ ಯಜಮಾನರ ತಮ್ಮನ ಮಗ ನಂದನ್ ಕಂಪ್ಯೂಟರಿನಲ್ಲಿ ಹೊಡೆದು ಸೀಲು ಒತ್ತಿದ. ಒಂದು ಪ್ರತಿ ಬೆಂಗಳೂರಿಗೆ, ಒಂದು ಅತ್ತಿಗುಂಡಿಯ ಗುಂಪಿಗೆ.

ಮನೆಯಲ್ಲಿ ಹೇಳಿದಾಗ ನನ್ನವರು ಪೇಪರಿನಿಂದ ತಲೆ ಎತ್ತದೆ, “ಹೋಗಿ ಕಣ್ಣಾರೆ ನೋಡಿದ್ಯಾ?” ಎಂದರು. ಮೂರು ಚಮಚ ಸಕ್ಕರೆ ಹಾಕಿ ಕುಡಿಯುವ ಟೆಲಿಫೋನ್ ಇಲಾಖೆಯ ಶೇಷಪ್ಪನವರಿಗೆ ನನ್ನ ಕೆಲಸದ ಬಗ್ಗೆ ಏನು ಗೊತ್ತು.

೨೧ ಫೆಬ್ರವರಿ, ಗುರುವಾರ

ಎಷ್ಟು ಸೊಕ್ಕು ಆ ಹೆಂಗಸಿಗೆ.

ಬೆಳಿಗ್ಗೆ ಹತ್ತಕ್ಕೆ ದ್ಯಾವಮ್ಮ ಗೇಟಿನಲ್ಲಿ ನಿಂತಿದ್ದಳು. ತಲೆಯ ಮೇಲೆ ಅರ್ಧ ಮೂಟೆ. ಬಸ್ ಸ್ಟ್ಯಾಂಡಿನಿಂದ ಹೊತ್ತುಕೊಂಡೇ ಬಂದಿದ್ದಾಳೆ. ಯಜಮಾನರನ್ನು ಕೇಳಲಿಲ್ಲ. ಸಹಿ ಹಾಕಿದವರನ್ನು ಕರೀರಿ ಎಂದಳಂತೆ.

“ಸಹಿ ಹಾಕಿದೋರು ನೀವೇಯಾ ತಂಗಮ್ಮಾರೇ? ನಿಮ್ಮ ಕಾಗ್ದನ ರಂಗನಾಥಣ್ಣ ಗುಂಪಿನ ಮೀಟಿಂಗಲ್ಲಿ ಎಲ್ಲರ ಮುಂದೆ ಓದಿ ಹೇಳ್ದ. ನನ್ನಿಂದಾಗಿ ಊರ ಕಾಫಿ ಹೆಸರೇ ಹಾಳಾತು ಅಂತ. ಹಣ್ಣು ಸುಲಿಯೋ ಗುಂಪಿನ ಪಲ್ಪರ್ ಹತ್ರ ಬರ್ಬೇಡ ಅಂದವ್ರೆ. ನನ್ನ ಅಂಗಳ ನೀವು ನೋಡಿದೀರಾ?”

ನೋಡುವುದೇನಿದೆ, ನಾಲಿಗೆ ಹೇಳುತ್ತದೆ ಎಂದೆ.

ಅವಳು ಮೂಟೆಯನ್ನು ನನ್ನ ಕಾಲ ಬಳಿ ಇಳಿಸಿದಳು. “ಇದೂ ಅದೇ ಕೊಯ್ಲಿಂದು, ಅದೇ ದಿನ ಒಣಗಿದ್ದು. ಮನೇಲಿ ಉಳಿದಿತ್ತು. ನಿಮ್ಮ ನಾಲಿಗೆಗೆ ಇದನ್ನೂ ಕೇಳಿ” ಎಂದು ತಿರುಗಿ ನೋಡದೆ ಹೋದಳು. ಪ್ಯಾಕಿಂಗ್ ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ಇಡೀ ದಿನ ಮೈ ಉರಿಯಿತು. ಅವಳು ತಂದದ್ದು ಪಾರ್ಚ್‌ಮೆಂಟು, ತೊಳೆದು ಒಣಗಿಸಿ ಇನ್ನೂ ಹೊಟ್ಟು ಬಿಡಿಸದ ಕಾಫಿ. ಆಫೀಸಿನ ಬಾಗಿಲಲ್ಲಿ ಅದು ಎಲ್ಲರ ಕಣ್ಣಿಗೆ ಬೀಳುವುದು ಬೇಡವೆಂದು ಆಟೋದಲ್ಲಿ ಮನೆಗೆ ತಂದು ಹಾಕಿದ್ದೇನೆ.

೨೪ ಫೆಬ್ರವರಿ, ಭಾನುವಾರ

ನಿನ್ನೆ ಅದರಲ್ಲಿ ಒಂದು ಹಿಡಿ ಬೀಜದ ಹೊಟ್ಟು ಬಿಡಿಸಿ ಸಾಬರಿಂದ ಸಣ್ಣ ಯಂತ್ರದಲ್ಲಿ ಹುರಿಸಿದೆ. ಕಿತ್ತಳೆ ಸಿಪ್ಪೆ ಹಿಂಡಿದಂಥ ಪರಿಮಳ. ಕೊನೆಯಲ್ಲಿ ಹೊಸ ಬೆಲ್ಲದ ಸಿಹಿ. ಈ ವರ್ಷ ನಾನು ಕುಡಿದದ್ದರಲ್ಲೇ ಎರಡನೆಯ ಒಳ್ಳೆಯ ಕಾಫಿ. ಆಗ ನನ್ನ ಸಿಟ್ಟು ನೆತ್ತಿಗೇರಿತು. ಒಳ್ಳೆಯದನ್ನು ಮನೆಯಲ್ಲಿಟ್ಟುಕೊಂಡು ಕೆಟ್ಟದ್ದನ್ನು ನಮಗೆ ಸಾಗಿಸಿದ್ದಾಳೆ ಎಂದುಕೊಂಡೆ. ಸಾಕ್ಷಿ ಸಮೇತ ಹಿಡಿಯಬೇಕೆಂದು ಇವತ್ತು ಬೆಳಗಿನ ಬಸ್ಸಿಗೇ ಅತ್ತಿಗುಂಡಿಗೆ ಹೋದೆ.

ಒಂದೂವರೆ ಮೈಲಿ ಏರು. ಮೂರು ಕಡೆ ಕೂತು ಸುಧಾರಿಸಿಕೊಂಡೆ. ಈ ದಾರಿಯಲ್ಲಿ ಜೀಪು ಬರುವುದಿಲ್ಲ. ಮೂಟೆಗಳೆಲ್ಲ ತಲೆಹೊರೆಯಲ್ಲೇ ಇಳಿಯಬೇಕು. ಮೇಲೆ ಹೋಗಿ ನೋಡಿದರೆ ಅಂಗಳದಲ್ಲಿ ಸೊಂಟದೆತ್ತರಕ್ಕೆ ಕವೆಗೋಲು ನೆಟ್ಟು ಬಿದಿರಿನ ತಟ್ಟಿ ಕಟ್ಟಿದ್ದಾರೆ. ನಾಲ್ಕು ಸಾಲು. ತಟ್ಟಿಯ ಮೇಲೆ ಬಲೆ, ಬಲೆಯ ಮೇಲೆ ಕೊನೆಯ ಕೊಯ್ಲಿನ ಕಾಫಿ. ಇಬ್ಬನಿಗೆ ಮುಚ್ಚಲು ಟಾರ್ಪಾಲು ಮಡಚಿಟ್ಟಿದೆ. ಕೆಳಗೆ ಕೋಳಿ ಓಡಾಡಿದರೂ ಒಂದು ಕಾಳು ನೆಲಕ್ಕೆ ಬೀಳುವುದಿಲ್ಲ. ನಾವು ತೋರಿಸಿಕೊಟ್ಟದ್ದಕ್ಕಿಂತ ಚೆನ್ನಾಗಿ ಮಾಡಿದ್ದಾರೆ.

ದ್ಯಾವಮ್ಮ ಕಾಫಿ ಆರಿಸುತ್ತಿದ್ದವಳು ಏಳಲಿಲ್ಲ. “ನೋಡಿದ್ರಾ?” ಎಂದಳು. ನೋಡಿದೆ ಎಂದೆ. “ಸರಿ, ಬಿಸಿಲು ಏರುತ್ತೆ, ಇಳೀರಿ” ಎಂದಳು. ನೀರು ಬೇಕಾ ಎಂದೂ ಕೇಳಲಿಲ್ಲ. ಕೇಳುವುದೂ ಬೇಡ.

ಹಾಗಾದರೆ ಆ ಕಮಟು ಎಲ್ಲಿಂದ ಬಂತು?

೨೫ ಫೆಬ್ರವರಿ, ಸೋಮವಾರ

ಗೋಡೌನಿನ ರಿಜಿಸ್ಟರ್ ತೆಗೆದು ನೋಡಿದೆ. ಉಳಿದ ಎಂಟು ಜನರ ಪಾರ್ಚ್‌ಮೆಂಟು ಡಿಸೆಂಬರ್ ಮಧ್ಯದೊಳಗೆ ಬಂದಿದೆ. ಎತ್ತರದ ತೋಟ, ಹಣ್ಣಾಗುವುದು ತಡ, ಏಳನೇ ನಂಬರು ಬಂದದ್ದು ಕೊನೆಗೆ. ‘ಜಾಗವಿಲ್ಲ. ಒಳಕೋಣೆ’ ಎಂದು ಬರೆದಿದೆ.

ಒಳಕೋಣೆಯಲ್ಲಿ ಇರುವುದು ನಂದನ್‌ನ ಔಷಧಿ. ಕಾಫಿ ವ್ಯಾಪಾರ ಬಿದ್ದುಹೋಗಿದೆಯೆಂದು ಅವನು ಕಾಂಡಕೊರಕ ಹುಳುವಿನ ಔಷಧಿ ಪುಡಿಯ ಏಜೆನ್ಸಿ ತೆಗೆದುಕೊಂಡು, ಚೀಲಗಳನ್ನು ತಾರಸಿಯವರೆಗೆ ಪೇರಿಸಿದ್ದಾನೆ. ಕಾಫಿ ಅಕ್ಕಪಕ್ಕದ ವಾಸನೆಯನ್ನೆಲ್ಲ ಹೀರುತ್ತದೆ ಎಂಬುದು ಈ ಕಟ್ಟಡದಲ್ಲಿ ಗುಡಿಸುವವರಿಗೂ ಗೊತ್ತು.

ದ್ಯಾವಮ್ಮ ತಂದ ಪಾರ್ಚ್‌ಮೆಂಟಿನಲ್ಲಿ ಎರಡು ಚೀಲ ಮಾಡಿದ್ದೇನೆ. ಒಂದು ಮನೆಯಲ್ಲಿ, ಒಂದು ಒಳಕೋಣೆಯಲ್ಲಿ ಅದೇ ಜಾಗದಲ್ಲಿ. ಎಂಟು ದಿನ ಇರಲಿ.

೫ ಮಾರ್ಚ್, ಮಂಗಳವಾರ

ಎರಡನ್ನೂ ಸಾಬರು ಒಂದೇ ಹದಕ್ಕೆ ಹುರಿದರು. ಯಾವುದು ಯಾವುದೆಂದು ನನಗೆ ಹೇಳದೆ ಆರು ಲೋಟ ಮಾಡಿ, ಗುರುತನ್ನು ಲೋಟದ ತಳದಲ್ಲಿ ಬರೆದರು. ಕುಡಿದೆ. ಮೂರರಲ್ಲಿ ಕಿತ್ತಳೆ. ಮೂರರಲ್ಲಿ ಆ ಕಮಟು. ತೆಳುವಾಗಿತ್ತು, ಆದರೆ ಅದೇ. ಲೋಟ ಎತ್ತಿ ನೋಡುವ ಅಗತ್ಯವೇ ಇರಲಿಲ್ಲ.

ಅದು ಮಣ್ಣಲ್ಲ. ನುಸಿಗುಳಿಗೆ ಹಾಕಿದ ಟ್ರಂಕು ತೆರೆದಾಗ ಬರುವಂಥದ್ದು. ಅವತ್ತೂ ಅದು ಮಣ್ಣಾಗಿರಲಿಲ್ಲ. ನೆಲದ ಮೇಲೆ ಒಣಗಿಸಿದ್ದಾರೆಂದು ಮೊದಲೇ ತೀರ್ಮಾನಿಸಿಕೊಂಡು ಕುಡಿದಿದ್ದೆ.

“ನೀವೇ ಸರಿ ಸಾಬರೇ” ಎಂದೆ. “ಮೊದಲೇ ಹೇಳಬೇಕಿತ್ತು ನಾನು. ನನ್ನದೂ ತಪ್ಪೇ” ಎಂದು ಲೋಟ ತೊಳೆಯತೊಡಗಿದರು.

ಔಷಧಿ ಇಡಬೇಡ ಎಂದು ಡಿಸೆಂಬರಿನಲ್ಲೇ ನಂದನ್‌ಗೆ ಹೇಳಿದ್ದೆ. ಒಂದು ವಾರ ಅಷ್ಟೇ ಮೇಡಂ ಎಂದಿದ್ದ. ನಾನು ಹೇಳಿದ್ದೆ. ಆಮೇಲೆ ಮರೆತೆ.

ಇನ್ನೊಂದು ವಿಷಯ, ಬರೆದುಬಿಡುತ್ತೇನೆ. ತಿಂಗಳಿಗಿಂತ ಹೆಚ್ಚು ಇಟ್ಟ ಕಾಫಿಯನ್ನು ಹುರಿಯುವ ಮೊದಲು ಮತ್ತೆ ರುಚಿ ನೋಡಬೇಕು. ಈ ನಿಯಮ ಮಾಡಿದವಳೇ ನಾನು. ಜನವರಿ ಇಪ್ಪತ್ತೆಂಟರಂದು ಮೂಡಿಗೆರೆಯಲ್ಲಿ ಚಿಕ್ಕಪ್ಪನ ಮಗಳ ಮದುವೆ. ಬಸ್ಸಿಗೆ ಹೊತ್ತಾಯಿತೆಂದು ಹುರಿಯಲು ಒಪ್ಪಿಗೆಯ ಒಂಬತ್ತೂ ಕಾಗದಕ್ಕೆ ನಿಂತ ನಿಲುವಿನಲ್ಲಿ ಸಹಿ ಹಾಕಿದೆ. ಒಂದು ಲೋಟವನ್ನೂ ಕುಡಿದಿರಲಿಲ್ಲ.

೬ ಮಾರ್ಚ್, ಬುಧವಾರ

ಯಜಮಾನರಿಗೆ ಎಲ್ಲವನ್ನೂ ಹೇಳಿದೆ, ಜನವರಿಯದನ್ನೂ ಸೇರಿಸಿ. ತಕ್ಷಣ ನಂದನ್‌ನನ್ನು ಕರೆದು, ಸಂಜೆಯೊಳಗೆ ಔಷಧಿ ಖಾಲಿ ಮಾಡಿಸು ಎಂದರು. ನಾನು ಬಂದ ಕೆಲಸ ಆಯಿತೆಂದುಕೊಂಡೆ.

“ಹಾಗಾದ್ರೆ ದ್ಯಾವಮ್ಮನವರದು ತಪ್ಪಿಲ್ಲ ಅಂತ ಎರಡೂ ಕಡೆಗೆ ಕಾಗದ ಬರೀಲಾ?”

“ಬೇಡ” ಎಂದರು. “ಬೆಂಗಳೂರಿನವರು ನಿಮ್ಮ ವರದಿ ಒಪ್ಪಿಕೊಂಡು ಮುಂದಿನ ಲೋಡು ಕಳ್ಸಿ ಅಂದಿದಾರೆ. ಮಣ್ಣು ಅಂದ್ರೆ ಕ್ಷಮಿಸ್ತಾರೆ ತಂಗಮ್ಮ. ಔಷಧಿ ಅಂದ್ರೆ ಕ್ಷಮಿಸ್ತಾರಾ? ಮೂವತ್ತಾರು ಜನ ಇದಾರೆ ಇಲ್ಲಿ. ಒಬ್ಬ ಹೆಂಗಸಿನದು ಮೂರು ಎಕರೆ. ಅವಳಿಗೆ ಬೇರೆ ಯಾರಾದ್ರೂ ವ್ಯಾಪಾರಿ ಸಿಗ್ತಾನೆ.”

ಈ ಮನುಷ್ಯ ನನ್ನನ್ನು ತೊಂಬತ್ತೊಂದರಲ್ಲಿ ತಮ್ಮ ಖರ್ಚಿನಲ್ಲಿ ಬೆಂಗಳೂರಿಗೆ ಕಳಿಸಿ ಕಾಫಿ ರುಚಿ ನೋಡುವುದನ್ನು ಕಲಿಸಿದವರು. ಹೆಂಗಸಿಗೆ ಈ ಕೆಲಸ ಕೊಡಬೇಡಿ ಎಂದವರ ಬಾಯಿ ಮುಚ್ಚಿಸಿದವರು. ಅದಕ್ಕೇ ಎದುರು ಮಾತಾಡಲಾಗದೆ ಎದ್ದು ಬಂದೆ. ಎದ್ದು ಬಂದದ್ದಕ್ಕೆ ಈಗ ನನ್ನ ಮೇಲೆ ನನಗೇ ರೇಗುತ್ತಿದೆ.

೯ ಮಾರ್ಚ್, ಶನಿವಾರ

ಮಧ್ಯಾಹ್ನ ಪುಡಿ ಮಾಡುವ ಕೋಣೆಯ ಮುಂದೆ ಹೋಗುತ್ತಿದ್ದೆ. ವಾಪಸು ಬಂದಿದ್ದ ಏಳನೇ ನಂಬರಿನ ಮೂರು ಮೂಟೆ ಅಲ್ಲಿದ್ದವು. ಬಾಯಿ ಬಿಚ್ಚಿತ್ತು. ಪಕ್ಕದಲ್ಲಿ ಚಿಕೋರಿಯ ಡಬ್ಬ.

“ಹಾಸ್ಟೆಲ್ ಆರ್ಡರಿಗೆ ಮೇಡಂ” ಎಂದ ನಂದನ್. “ಅರ್ಧಕ್ಕರ್ಧ ಚಿಕೋರಿ ಹಾಕಿದ್ರೆ ಏನೂ ಗೊತ್ತಾಗಲ್ಲ. ಹಾಲು ಬೇರೆ ಇರುತ್ತೆ.”

“ಯಾರಿಗೆ ಗೊತ್ತಾಗಲ್ಲ? ಅದರಲ್ಲಿ ಹುಳ ಸಾಯೋ ಪುಡಿ ಇದೆ. ಹಾಸ್ಟೆಲಿನ ಮಕ್ಕಳು ಕುಡೀತಾರೆ.”

“ವಾಸನೆ ಅಷ್ಟೇ ಮೇಡಂ. ನೀವೇ ತಾನೇ ಮಣ್ಣು ಅಂತ ಬರೆದಿರೋದು.”

ಆಮೇಲೆ ನಾನು ಏನು ಹೇಳಿದೆನೋ ನೆನಪಿಲ್ಲ. ಹೊರಗೆ ಹೋದೆ. ತೊಟ್ಟಿಯಿಂದ ಒಂದು ಬಕೆಟ್ ನೀರು ತುಂಬಿಕೊಂಡು ಬಂದೆ. ಮೊದಲನೇ ಮೂಟೆಗೆ ಪೂರ್ತಿ ಸುರಿದೆ. ಒದ್ದೆಯಾದ ಬೀಜವನ್ನು ಯಾವ ಯಂತ್ರವೂ ಪುಡಿ ಮಾಡುವುದಿಲ್ಲ. ನಂದನ್ ಬಕೆಟ್ ಕಿತ್ತುಕೊಳ್ಳಲು ಬಂದ, ನಾನು ಬಿಡಲಿಲ್ಲ. ನಲವತ್ತೊಂದು ವರ್ಷದ ಹೆಂಗಸು ಬಕೆಟ್ ಹಿಡಿದು ಜಗ್ಗಾಡುತ್ತಿದ್ದೆ, ಇಡೀ ವರ್ಕ್ಸು ಬಾಗಿಲಲ್ಲಿ ನೆರೆದಿತ್ತು.

ಎರಡನೇ ಬಕೆಟ್ ಸಾಬರು ತಂದರು. ಮೂರನೆಯದನ್ನೂ ಅವರೇ ತಂದರು. ಸುರಿದು, ಖಾಲಿ ಬಕೆಟ್ ತೊಟ್ಟಿಯ ಬಳಿ ಮಗುಚಿಟ್ಟು, ಹುರಿಯುವ ಕೋಣೆಗೆ ಹೋದರು.

ಯಜಮಾನರು ನೆಲದಲ್ಲಿ ಹರಿಯುತ್ತಿದ್ದ ಕಂದು ನೀರನ್ನು ನೋಡಿಕೊಂಡು, “ಹೇಳಿ ಕಳಿಸೋವರೆಗೂ ಮನೇಲಿರಿ” ಎಂದರು. ಒದ್ದೆ ಸೀರೆಯಲ್ಲೇ ನಡೆದು ಬಂದೆ.

೧೧ ಮಾರ್ಚ್, ಸೋಮವಾರ

ಷಡಕ್ಷರಿಯವರಿಗೆ ಕಾಗದ ಬರೆದೆ. ಒಳಕೋಣೆ, ಔಷಧಿ, ಆರು ಲೋಟ, ಜನವರಿ ಇಪ್ಪತ್ತೆಂಟು. ನನ್ನವರು ಓದಿ, “ಮದುವೆ ವಿಷಯ ಬೇಕಿತ್ತಾ?” ಎಂದರು. ಬೇಕಿತ್ತು. ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ ಬಂದರು.

೧೬ ಮಾರ್ಚ್, ಶನಿವಾರ

ಷಡಕ್ಷರಿಯವರು ಫೋನ್ ಮಾಡಿದ್ದರು. ವಯಸ್ಸಾದ ದನಿ. “ಅಮ್ಮಾ, ಕೂಗಾಡಬೇಕು ಅಂತಲೇ ಫೋನ್ ತಗೊಂಡೆ. ನಿಮ್ಮ ಕಾಗದ ಇನ್ನೊಂದ್ಸಲ ಓದಿದ ಮೇಲೆ ಕೂಗೋಕೆ ಆಗ್ತಿಲ್ಲ” ಎಂದರು. ಆದರೆ ಆರ್ಡರು ರದ್ದು. ಕುಡಿಯುವ ವಸ್ತುವಿನ ಜೊತೆ ವಿಷ ಇಟ್ಟವರ ಹತ್ತಿರ ವ್ಯಾಪಾರ ಇಲ್ಲವಂತೆ. ಅದು ನ್ಯಾಯವೇ. ಏಳನೇ ನಂಬರಿನವರ ಊರು, ಹೆಸರು ಕೇಳಿ ಬರೆದುಕೊಂಡರು. ಯಾಕೆಂದು ಹೇಳಲಿಲ್ಲ.

೨೩ ಮಾರ್ಚ್, ಶನಿವಾರ

ಹುರಿಯುವ ಡ್ರಮ್ಮು ಈಗ ವಾರಕ್ಕೆ ಮೂರು ದಿನ ಮಾತ್ರ ಓಡುತ್ತದಂತೆ. ಪ್ಯಾಕಿಂಗಿನ ಆರು ಹೆಂಗಸರನ್ನು ಬರಬೇಡಿ ಎಂದಿದ್ದಾರೆ. ಅವರಲ್ಲೊಬ್ಬಳು ರೌಶನ್ ಬೀ, ನಾನು ಸೇರಿದ ವರ್ಷವೇ ಸೇರಿದವಳು. ಮಾರ್ಕೆಟ್ಟಿನಲ್ಲಿ ಸೊಪ್ಪು ಕೊಳ್ಳುತ್ತಿದ್ದಾಗ ಎದುರಾದಳು.

“ನೀವು ಮಾಡಿದ್ದು ಸರಿ ಅಂತ ಎಲ್ಲರೂ ಹೇಳ್ತಾರಕ್ಕಾ. ಸರೀನೇ ಇರಬಹುದು. ನೀವು ಮನೇಲಿ ಕೂತ್ರೂ ನಿಮ್ಮನೆಯವರ ಸಂಬಳ ಬರುತ್ತೆ. ನಾವು ಎಲ್ಲಿಗೆ ಹೋಗೋಣ, ಅದನ್ನೂ ಹೇಳಿ.”

ಔಷಧಿ ಇಟ್ಟವನನ್ನು ಕೇಳು, ಯಜಮಾನರನ್ನು ಕೇಳು ಎಂದು ಬಾಯಿಗೆ ಬಂತು. ಹೇಳಲಿಲ್ಲ. ಸೊಪ್ಪನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದೇನೆ.

೨೮ ಮಾರ್ಚ್, ಗುರುವಾರ

ಯಜಮಾನರು ಮನೆಗೇ ಬಂದಿದ್ದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಮಂಗಳೂರಿನ ಒಬ್ಬ ವ್ಯಾಪಾರಿ ಮಾಲು ಕೇಳುತ್ತಿದ್ದಾನೆ, ನನ್ನ ಸಹಿಯ ವರದಿ ಇದ್ದರೆ ಮಾತ್ರ ತೆಗೆದುಕೊಳ್ಳುತ್ತಾನಂತೆ. ಷಡಕ್ಷರಿಯವರು ಅವನಿಗೆ ಏನೋ ಹೇಳಿದ್ದಾರೆ.

“ಸೋಮವಾರದಿಂದ ಬನ್ನಿ” ಎಂದರು.

ಎರಡು ಮಾತು ಹೇಳಿದೆ. ಮಂಗಳೂರಿನ ಮಾಲು ಹೊರಟರೆ ಆರು ಹೆಂಗಸರನ್ನೂ ಕರೆಯಬೇಕು. ದ್ಯಾವಮ್ಮನವರಿಗೆ ಸೀಲು ಒತ್ತಿದ ಕಾಗದ ಹೋಗಬೇಕು. ಮೊದಲನೆಯದಕ್ಕೆ ತಲೆ ಆಡಿಸಿದರು. ಎರಡನೆಯದಕ್ಕೆ, “ಸೀಲು ಮಾತ್ರ ಕೇಳಬೇಡಿ ತಂಗಮ್ಮ. ಅಪ್ಪನ ಕಾಲದ ಹೆಸರು ಅದು” ಎಂದರು. ಕಣ್ಣು ಕೆಂಪಾಗಿತ್ತು. ನನಗೆ ಕನಿಕರ ಬರಲಿಲ್ಲ. ಅದೇ ಸೀಲು ಆ ಹೆಂಗಸಿನ ಹೆಸರಿನ ಮೇಲೆ ಬೀಳುವಾಗ ಅಪ್ಪ ನೆನಪಾಗಿರಲಿಲ್ಲವೇ ಎಂದು ಕೇಳಿಯೇಬಿಟ್ಟೆ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಬಾಗಿಲಲ್ಲಿ ನಿಂತು, “ಬರೀರಿ. ಸೀಲು ಇಲ್ಲ. ನಿಮ್ಮ ಹೆಸರಲ್ಲಿ ಬರೀರಿ. ನಾನು ಇಲ್ಲ ಅನ್ನಲ್ಲ” ಎಂದರು.

೩೧ ಮಾರ್ಚ್, ಭಾನುವಾರ

ಅತ್ತಿಗುಂಡಿಗೆ ಹೋಗಿ ಬಂದೆ. ಹೂಮಳೆ ಬಿದ್ದಿದೆ, ದಾರಿಯುದ್ದಕ್ಕೂ ಕಾಫಿ ಹೂ. ಮೂಗಿಗೆ ಬೇರೇನೂ ಹತ್ತುವುದಿಲ್ಲ.

ದ್ಯಾವಮ್ಮನವರ ಮನೆಗೆ ಹೋಗಿ ಕಾಗದ ಕೈಗಿತ್ತು ಬರುವುದೆಂದುಕೊಂಡಿದ್ದೆ. ಅವರು ಕಾಗದ ತೆಗೆದುಕೊಳ್ಳಲಿಲ್ಲ. “ನಂಗೆ ಓದಕ್ಕೆ ಬರಲ್ಲ. ಮೊದಲನೇ ಕಾಗ್ದ ಎಲ್ಲಿ ಓದಿದ್ರೋ ಇದನ್ನೂ ಅಲ್ಲೇ ಓದಿ. ಇವತ್ತು ಮೀಟಿಂಗಿದೆ” ಎಂದು ಸೆರಗು ಕಟ್ಟಿಕೊಂಡು ಮುಂದೆ ನಡೆದರು. ಇಳಿಯುತ್ತ ಉಳಿದ ಸಂಗತಿಯನ್ನೂ ಹೇಳಿದರು. ಮನೆಯಲ್ಲಿದ್ದ ಪಾರ್ಚ್‌ಮೆಂಟನ್ನೆಲ್ಲ ದಾರಿಹೋಕ ವ್ಯಾಪಾರಿಗೆ ಕಡಿಮೆ ದರ್ಜೆಯ ಕಾಫಿಯ ರೇಟಿಗೆ ಕೊಟ್ಟಾಗಿದೆ. ಅದನ್ನು ಅವನು ಯಾವುದರ ಜೊತೆ ಬೆರೆಸಿದನೋ. ಆ ಕಿತ್ತಳೆಯ ಕಾಫಿ. ನನ್ನ ಕಾಗದದಿಂದ ಅದು ವಾಪಸು ಬರುವುದಿಲ್ಲ.

ಗುಂಪಿನ ಶೆಡ್ಡಿನಲ್ಲಿ ಮನೆಯವರೂ ಸೇರಿ ಇಪ್ಪತ್ತು ಇಪ್ಪತ್ತೈದು ಜನ ಇದ್ದರು. ಗುಂಪಿನ ಮುಖಂಡ ರಂಗನಾಥ ಕಾಗದಕ್ಕೆ ಕೈ ಚಾಚಿದ. ದ್ಯಾವಮ್ಮನವರು, “ನೀ ಬ್ಯಾಡ ಮಾರಾಯ. ಬರೆದೋರೇ ಓದ್ಲಿ” ಎಂದರು.

ನಿಂತು ಓದಿದೆ. ‘ಏಳನೇ ನಂಬರಿನ ಕಾಫಿ ಬೆಳೆಗಾರರ ಅಂಗಳದಲ್ಲಿ ಕೆಟ್ಟದ್ದಲ್ಲ. ನಮ್ಮ ಗೋಡೌನಿನಲ್ಲಿ, ಔಷಧಿಯ ಪಕ್ಕದಲ್ಲಿ ಇಟ್ಟಿದ್ದರಿಂದ ಕೆಟ್ಟಿತು. ನಾನು ರುಚಿ ನೋಡದೆ ಸಹಿ ಹಾಕಿದೆ. ಅಂಗಳ ನೋಡದೆ ದ್ಯಾವಮ್ಮನವರ ಮೇಲೆ ತಪ್ಪು ಹೊರಿಸಿದೆ. ತಪ್ಪು ನನ್ನದು.’ ಕೊನೆಗೆ ನನ್ನ ಹೆಸರು.

ರಂಗನಾಥ ನೆಲ ನೋಡುತ್ತಿದ್ದ. “ಮುಂದಿನ ಕೊಯ್ಲಿಗೆ ನಿನ್ನ ಹಣ್ಣು ಪಲ್ಪರಿಗೆ ತಾರಕ್ಕಾ” ಎಂದ. ಶೆಡ್ಡಿನ ಹಿಂದಿನ ಗೋಡೆಗೆ ಒರಗಿ ಭೂತಯ್ಯ ಎಂಬ ಮುದುಕರೊಬ್ಬರು ಕೂತಿದ್ದರು. ದ್ಯಾವಮ್ಮನವರು ಅವರತ್ತ ತಿರುಗಿದರು.

“ಕೇಳ್ತಾ ಮಾವ?”

“ಎಂತ?” ಎಂದರು ಅವರು, ಕಿವಿಗೆ ಕೈ ಒಡ್ಡಿ.

“ಹಿಂದೆ ಕೂತೋರಿಗೆ ಕೇಳಿಲ್ಲ” ಎಂದರು ದ್ಯಾವಮ್ಮನವರು ನನಗೆ. “ಇನ್ನೊಂದ್ಸಲ ಓದಿ. ಸ್ವಲ್ಪ ಜೋರಾಗಿ.”

ಆ ಮುದುಕರ ಹತ್ತಿರ ಹೋಗಿ ಮೆಲ್ಲಗೆ ಹೇಳಿದರೆ ಸಾಲದೇ ಎಂದುಕೊಂಡ ಕ್ಷಣವೂ ಇತ್ತು. ಓದಿದೆ. ಮೊದಲಿನಿಂದ ಕೊನೆಯವರೆಗೆ, ಹೊರಗೆ ರಸ್ತೆಯಲ್ಲಿ ಹೋಗುವವರೂ ನಿಂತು ಕೇಳುವ ಹಾಗೆ. ಮೂರನೇ ಸಲ ಕೇಳಿದ್ದರೂ ಓದುತ್ತಿದ್ದೆ.